ಕೇಳಿ ತಿಳಿದು ಮಾಡುವ ಸೇವೆ



ರಮಝಾನ್ ಬಂತೆಂದರೆ ನಮ್ಮ ಊರುಗಳಲ್ಲಿ ರೇಶನ್ ಕಿಟ್ ಹಂಚುವ ಸಡಗರ ಆರಂಭವಾಗುತ್ತದೆ. ಅಕ್ಕಿ, ಬೇಳೆ, ಎಣ್ಣೆ, ಖರ್ಜೂರ ತುಂಬಿದ ಚೀಲಗಳು ಓಣಿ ಓಣಿಗೆ ತಲುಪುತ್ತವೆ. ಕೊಡುವವರ ಮನಸ್ಸು ದೊಡ್ಡದು. ಅಲ್ಲಾಹನು ಅವರಿಗೆ ತಕ್ಕ ಪ್ರತಿಫಲ ನೀಡಲಿ. ಆದರೆ ನೀವೂ ಗಮನಿಸಿರಬಹುದು, ಒಂದೇ ಓಣಿಯ ಒಂದು ಮನೆಗೆ ಮೂರು ಕಿಟ್‌ಗಳು ಬಂದಿರುತ್ತವೆ. ಅದರ ಪಕ್ಕದ ಮನೆಗೆ ಒಂದೂ ಬಂದಿರುವುದಿಲ್ಲ. ಆ ಮನೆಯ ಹೆಣ್ಣುಮಗಳು ಸಾಲಿನಲ್ಲಿ ನಿಲ್ಲಲು ಸಂಕೋಚಪಟ್ಟಳು. ಅವಳ ಗಂಡ ಮನೆಗೆ ಬಾರದೆ ವರ್ಷವಾಯಿತು, ಬಾಡಿಗೆ ಬಾಕಿ ಬಿದ್ದಿದೆ, ಒಂಭತ್ತನೆಯ ತರಗತಿಯ ಮಗಳು ಶಾಲೆ ಬಿಟ್ಟಿದ್ದಾಳೆ. ಇವೆಲ್ಲ ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಯಾರೂ ಕೇಳಲಿಲ್ಲ.

ಪವಿತ್ರ ಕುರ್‌ಆನ್‌ನ ಅಲ್ ಬಕರಃ ಅಧ್ಯಾಯದ 273ನೆಯ ಸೂಕ್ತವು ಇಂತಹವರ ಬಗ್ಗೆಯೇ ನಮ್ಮ ಗಮನ ಸೆಳೆಯುತ್ತದೆ. ಸ್ವಾಭಿಮಾನದಿಂದ ಕೈಚಾಚದಿರುವ ಬಡವರನ್ನು ತಿಳಿಯದವರು ಅನುಕೂಲಸ್ಥರೆಂದು ಭಾವಿಸುತ್ತಾರೆ, ಅವರನ್ನು ಲಕ್ಷಣಗಳಿಂದ ಗುರುತಿಸಬೇಕು ಎಂಬುದು ಅಲ್ಲಿಯ ಆಶಯ. ಹಾಗಾದರೆ ಗುರುತಿಸಲು ಕಲಿಯುವುದು ಹೇಗೆ? ಅದನ್ನು ಕಲಿಸುವ ಒಂದು ವಿದ್ಯೆ ಇಂದು ವಿಶ್ವವಿದ್ಯಾಲಯಗಳಲ್ಲಿದೆ. ಅದರ ಹೆಸರು ಸಮಾಜಕಾರ್ಯ. ನಮ್ಮ ಹೆಣ್ಣುಮಕ್ಕಳು ಈ ವಿದ್ಯೆಯತ್ತ ಯಾಕೆ ನೋಡಬೇಕು ಎಂಬುದನ್ನು ಈ ತಿಂಗಳು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಒಂದು ಮಗುವಿನ ಅಳು

ಹಝ್ರತ್ ಉಮರ್(ರ)ರ ಕಾಲದ ಒಂದು ಘಟನೆಯನ್ನು ಚರಿತ್ರೆಕಾರರು ಹೇಳುತ್ತಾರೆ. ಮದೀನಾದ ಹೊರಗೆ ವರ್ತಕರ ತಂಡವೊಂದು ಬೀಡುಬಿಟ್ಟಿತ್ತು. ರಾತ್ರಿ ಅದರ ಕಾವಲಿಗೆ ಹೋದ ಖಲೀಫರಿಗೆ ಒಂದು ಹಸುಳೆಯ ಅಳು ಕೇಳಿಸಿತು. ಮಗುವನ್ನು ಸಮಾಧಾನಪಡಿಸಲು ತಾಯಿಗೆ ಹೇಳಿ ಬಂದರು. ಅಳು ನಿಲ್ಲಲಿಲ್ಲ. ಮತ್ತೆ ಮತ್ತೆ ಹೋಗಿ ಕಾರಣ ಕೇಳಿದಾಗ, ತಾನು ಯಾರೊಂದಿಗೆ ಮಾತಾಡುತ್ತಿದ್ದೇನೆ ಎಂದು ತಿಳಿಯದ ಆ ತಾಯಿ ನಿಜ ಹೇಳಿದಳು. ಎದೆಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರೆ, ಅದಕ್ಕಾಗಿ ಮಗುವಿಗೆ ಬೇಗನೆ ಹಾಲು ಬಿಡಿಸುತ್ತಿದ್ದೇನೆ ಎಂದಳು. ಮರುದಿನ ಫಜ್ರ್ ನಮಾಝ್‌ನಲ್ಲಿ ಖಲೀಫರು ಬಿಕ್ಕಿ ಬಿಕ್ಕಿ ಅತ್ತರು. ಆ ನಿಯಮ ರದ್ದಾಯಿತು. ಹುಟ್ಟಿದ ಪ್ರತಿಯೊಂದು ಮಗುವಿಗೂ ಭತ್ಯೆ ಎಂದು ಸಾರಲಾಯಿತು.

ಸಹೋದರಿಯರೇ, ಆ ತಾಯಿಗೆ ಒಂದು ಚೀಲ ಹಿಟ್ಟು ಕೊಟ್ಟು ಬಂದಿದ್ದರೆ ಅದೂ ಪುಣ್ಯವೇ ಆಗುತ್ತಿತ್ತು. ಆದರೆ ಬೇರೆ ಮನೆಗಳ ಮಕ್ಕಳು ಅಳುತ್ತಲೇ ಇರುತ್ತಿದ್ದವು. ಕಾರಣ ವಿಚಾರಿಸಿದ್ದರಿಂದ ನಿಯಮ ಬದಲಾಯಿತು. ಇಂದಿನ ಸಮಾಜಕಾರ್ಯ ಸಂಶೋಧನೆ ಮಾಡಲು ಹೊರಟಿರುವುದೂ ಇದನ್ನೇ.

ಎರಡು ವರ್ಷದ ಓದು

ನಮ್ಮ ದೇಶದಲ್ಲಿ ಈ ಶಿಕ್ಷಣ ಆರಂಭವಾದದ್ದು 1936ರಲ್ಲಿ, ಮುಂಬಯಿಯಲ್ಲಿ. ಅಂದು ಸರ್ ದೊರಾಬ್ಜಿ ಟಾಟಾ ಹೆಸರಿನಲ್ಲಿ ತೆರೆದ ಶಾಲೆಯೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ಕರ್ನಾಟಕದಲ್ಲಿ ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಆರಂಭವಾಯಿತು. ಬಳ್ಳಾರಿ ಭಾಗದ ಹೆಣ್ಣುಮಕ್ಕಳಿಗೆ ಇವೆಲ್ಲ ದೂರದ ಮಾತಾಗಿದ್ದವು. 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಆ ದೂರ ಕಡಿಮೆಯಾಗಿದೆ. ಅಲ್ಲಿ ಸಮಾಜಕಾರ್ಯದ ಅಧ್ಯಯನ ವಿಭಾಗವಿದೆ. ಹೊಸಪೇಟೆಯಿಂದ ಬಳ್ಳಾರಿಗೆ ಸುಮಾರು 60 ಕಿಲೋಮೀಟರ್. ಬಸ್ಸೂ ಇದೆ, ರೈಲೂ ಇದೆ.

ಎಂ.ಎಸ್.ಡಬ್ಲ್ಯು. ಎರಡು ವರ್ಷಗಳ ಸ್ನಾತಕೋತ್ತರ ಪದವಿ. ಒಬ್ಬ ವ್ಯಕ್ತಿಯ ಸಂಕಷ್ಟವನ್ನು ಕೇಳಿ ದಾರಿ ಹುಡುಕುವುದು, ಗುಂಪುಗಳೊಂದಿಗೆ ಕೆಲಸ ಮಾಡುವುದು, ಸಮುದಾಯವನ್ನು ಸಂಘಟಿಸುವುದು, ಸಮೀಕ್ಷೆ ಮತ್ತು ಸಂಶೋಧನೆ ನಡೆಸುವುದು ಇದರ ಮುಖ್ಯ ಪಾಠಗಳು. ಪಾಠ ಕೇಳಿದರೆ ಸಾಲದು. ವಿದ್ಯಾರ್ಥಿಗಳು ಆಸ್ಪತ್ರೆ, ಬಾಲಮಂದಿರ, ಕೊಳೆಗೇರಿ, ಹಳ್ಳಿಗಳಿಗೆ ಹೋಗಿ ಕ್ಷೇತ್ರಕಾರ್ಯ ಮಾಡಬೇಕು. ನೋಡಿದ್ದನ್ನು ಬರೆದು ಅಧ್ಯಾಪಕರಿಗೆ ತೋರಿಸಬೇಕು.

ಈ ವಿದ್ಯೆಯ ಒಂದು ನಿಯಮ ನನಗೆ ಬಹಳ ಹಿಡಿಸಿತು. ಕಷ್ಟ ಹೇಳಿಕೊಂಡವರ ಗುಟ್ಟನ್ನು ಕಾಪಾಡಲೇಬೇಕು. ಇನ್ನೊಬ್ಬರ ಕುಂದನ್ನು ಮುಚ್ಚಿಡಲು ಇಸ್ಲಾಮ್ ನಮಗೆ ಕಲಿಸಿದೆ. ಆದರೂ ನೆರವು ಕೊಟ್ಟವರೇ ನಾಲ್ಕು ಮನೆಗಳಲ್ಲಿ ಅದನ್ನು ಹೇಳಿ ಬರುವುದು ನಡೆದೇ ಇದೆ. ನೆರವು ಪಡೆದವಳ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ. ಆಮೇಲೆ ಆಕೆ ಮತ್ತೆ ನಮ್ಮ ಬಳಿ ಬಾಯಿ ಬಿಡುವಳೇ?

ಕೇಳಬೇಕಾದ ಪ್ರಶ್ನೆಗಳು

ಹೊಸಪೇಟೆ, ಸಂಡೂರು, ಕಂಪ್ಲಿಗಳ ಕಡೆ ಒಮ್ಮೆ ನೋಡಿ. 2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಸಂಡೂರಿನ ಗುಡ್ಡಗಳು ಹಗಲು ರಾತ್ರಿ ಕರಗಿದವು. ಅದಿರು ಒಡೆದು ಆರಿಸುವ ಕೆಲಸದಲ್ಲಿ ಹೆಂಗಸರು, ಮಕ್ಕಳೂ ಇದ್ದರು. 2011ರಲ್ಲಿ ಲೋಕಾಯುಕ್ತರ ವರದಿ ಬಂತು. ಅದೇ ವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಎಷ್ಟು ಅದಿರು ಅಕ್ರಮವಾಗಿ ಹೋಯಿತು ಎಂಬ ಲೆಕ್ಕ ಪತ್ರಿಕೆಗಳಲ್ಲಿ ಬಂತು. ಕೂಲಿ ನಿಂತ ಮನೆಗಳಲ್ಲಿ ಯಾವ ಮಗಳು ಶಾಲೆ ಬಿಟ್ಟಳು ಎಂಬ ಲೆಕ್ಕ ಬೇಕಾದರೆ ಮನೆ ಮನೆಗೆ ಹೋಗಿಯೇ ಕೇಳಬೇಕು. 2015ರ ಕಾನೂನು ತಿದ್ದುಪಡಿಯಂತೆ ಗಣಿ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳಿವೆ. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಹಿಳೆಯರು ಮತ್ತು ಮಕ್ಕಳ ಕಲ್ಯಾಣಕ್ಕೆ ಆ ಹಣ ಬಳಕೆಯಾಗಬೇಕು. ಧೂಳು ಕುಡಿದ ಊರಿನ ಹೆಂಗಸರಿಗೆ ಮೊದಲು ಬೇಕಾದದ್ದು ಏನು? ಅದನ್ನು ಅವರ ಬಾಯಿಯಿಂದಲೇ ಕೇಳಿ ಬರೆದುಕೊಳ್ಳುವವರು ಬೇಕು.

ಕಂಪ್ಲಿಯದು ಬೇರೆ ಕಥೆ. ಅಲ್ಲಿಯ ಭತ್ತದ ಗದ್ದೆಗಳು ತುಂಗಭದ್ರೆಯನ್ನು ನಂಬಿವೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ರೈತರೆಲ್ಲ ಕಂಗಾಲಾದರು. ಎಷ್ಟು ಎಕರೆಗೆ ನೀರು ಸಿಗದು ಎಂದು ಎಲ್ಲರೂ ಲೆಕ್ಕ ಹಾಕಿದರು. ನಾಟಿಗೆ ಹೋಗುವ ಕೂಲಿ ಹೆಣ್ಣುಮಗಳಿಗೆ ಸ್ವಂತ ಎಕರೆ ಇಲ್ಲ. ನೀರಿಲ್ಲದ ಹಂಗಾಮಿನಲ್ಲಿ ಅವಳ ಎಷ್ಟು ದಿನದ ದುಡಿಮೆ ಹೋಗುತ್ತದೆ, ಯಾರಲ್ಲಿ ಸಾಲ ಮಾಡುತ್ತಾಳೆ, ಬಡ್ಡಿ ಎಷ್ಟು? ಸಾಲದಲ್ಲಿ ಮುಳುಗಿದವರೂ ಝಕಾತ್‌ಗೆ ಅರ್ಹರೆಂದು ನಮಗೆ ಗೊತ್ತಿದೆ. ಆದರೆ ಅವರ ಪಟ್ಟಿ ನಮ್ಮ ಎಷ್ಟು ಮಸೀದಿಗಳಲ್ಲಿದೆ?

ಹೊಸಪೇಟೆಯ ಸುತ್ತಮುತ್ತಲ ತಾಲೂಕುಗಳಲ್ಲಿ ದೇವದಾಸಿ ಪದ್ಧತಿಗೆ ಬಲಿಯಾದ ದಲಿತ ಸಹೋದರಿಯರಿದ್ದಾರೆ. 1982ರಲ್ಲೇ ಈ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ರೂಪುಗೊಂಡಿತು. ಆದರೂ ಅವರ ಮಕ್ಕಳು ಶಾಲೆ, ಕಚೇರಿಗಳ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗಕ್ಕೆ ಬಂದಾಗ ತಲೆತಗ್ಗಿಸಬೇಕಾಯಿತು. ಒಂದು ಖಾಲಿ ಗೆರೆ ಮಗುವಿನ ಓದನ್ನೇ ನಿಲ್ಲಿಸಬಲ್ಲದು ಎಂಬುದು ಆ ತಾಯಂದಿರ ಪಕ್ಕ ಕುಳಿತು ಕೇಳಿದವರಿಗೆ ತಿಳಿಯಿತು. 2025ರಲ್ಲಿ ರಾಜ್ಯ ವಿಧಾನಮಂಡಲ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆಯಲ್ಲಿ ಈ ಮಕ್ಕಳ ಗುರುತಿನ ಹಕ್ಕಿನ ವಿಷಯವೂ ಸೇರಿದೆ. ಇವರು ನಮ್ಮ ಸಮುದಾಯದವರಲ್ಲ ಎಂದು ಸುಮ್ಮನಿರುವಂತಿಲ್ಲ. ನೊಂದವರ ಪರ ನಿಲ್ಲಲು ಜಾತಿ ಧರ್ಮ ಕೇಳಬೇಕೆಂದು ಪ್ರವಾದಿ(ಸ)ರು ನಮಗೆ ಕಲಿಸಿಲ್ಲ.

ಕನ್ನಡದಲ್ಲೇ ಸಂಶೋಧನೆ

ಸಂಶೋಧನೆ ಎಂದರೆ ಇಂಗ್ಲಿಷ್ ಬೇಕು ಎಂದು ಹೆದರುವ ಹೆಣ್ಣುಮಕ್ಕಳಿದ್ದಾರೆ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆ ಹೆದರಿಕೆಗೆ ಉತ್ತರ. ಅಲ್ಲಿ ಮಹಿಳಾ ಅಧ್ಯಯನ, ಅಭಿವೃದ್ಧಿ ಅಧ್ಯಯನ ವಿಭಾಗಗಳಲ್ಲಿ ಕನ್ನಡದಲ್ಲೇ ಸಂಶೋಧನೆ ಮಾಡಬಹುದು. ಅಲ್ಲಿ ಪ್ರಾಧ್ಯಾಪಕರಾಗಿದ್ದ ರಹಮತ್ ತರೀಕೆರೆಯವರು ಊರೂರು ತಿರುಗಿ ಕರ್ನಾಟಕದ ಸೂಫಿಗಳ ಬಗ್ಗೆ, ಮೊಹರಂ ಬಗ್ಗೆ ಬರೆದರು. ಆಚರಣೆಗಳ ವಿಷಯದಲ್ಲಿ ನಮ್ಮ ಅಭಿಪ್ರಾಯ ಬೇರೆ ಇರಬಹುದು. ಆದರೆ ಜನರ ಬಳಿಗೆ ಹೋಗಿ ಕೇಳುವ ಆ ತಾಳ್ಮೆಯಿಂದ ನಮ್ಮ ಮಕ್ಕಳು ಕಲಿಯುವುದು ಬಹಳಷ್ಟಿದೆ.

2006ರಲ್ಲಿ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿ ಬಂದಾಗ ದೇಶದ ಮುಸ್ಲಿಮರ ಹಿಂದುಳಿದಿರುವಿಕೆ ಅಂಕಿ ಅಂಶಗಳೊಂದಿಗೆ ದೇಶದ ಮುಂದೆ ಬಂತು. ಅಂತಹ ಅಂಕಿಗಳು ನಮ್ಮ ಓಣಿಗೂ ಬೇಕು. ನಮ್ಮ ಮನೆಗಳ ಒಳಕೋಣೆಗೆ ಹೋಗಿ, ದಖ್ಖನಿ ಉರ್ದುವಿನಲ್ಲಿ 'ಆಪಾ, ಖಾಲಾ' ಎಂದು ಕರೆದು ಮಾತಾಡಿಸಿ, ಅದನ್ನು ಶುದ್ಧ ಕನ್ನಡದಲ್ಲಿ ಬರೆದು ಇಲಾಖೆಯ ಮುಂದಿಡಬಲ್ಲವರು ನಮ್ಮ ಹೆಣ್ಣುಮಕ್ಕಳೇ ಅಲ್ಲವೇ?

ಸೇವೆಗೆ ಸಂಬಳವೇ?

ಕೆಲವು ತಾಯಂದಿರು ಹೀಗೆ ಕೇಳುತ್ತಾರೆ. ಝಕಾತ್‌ನ ಎಂಟು ವಿಭಾಗಗಳನ್ನು ನೆನಪಿಸಿಕೊಳ್ಳಿ. ಅದನ್ನು ಸಂಗ್ರಹಿಸಿ ಹಂಚಲು ದುಡಿಯುವವರಿಗೂ ಕುರ್‌ಆನ್ ಪಾಲನ್ನು ಗೊತ್ತುಪಡಿಸಿದೆ. ಸೇವೆ ಅಚ್ಚುಕಟ್ಟಾಗಿ ನಡೆಯಬೇಕಾದರೆ ಅದಕ್ಕೆಂದೇ ದುಡಿಯುವವರು ಬೇಕು, ಅವರ ಮನೆಯೂ ನಡೆಯಬೇಕು. ಎಂ.ಎಸ್.ಡಬ್ಲ್ಯು. ಓದಿದವರಿಗೆ ಆಸ್ಪತ್ರೆ, ಮಕ್ಕಳ ರಕ್ಷಣಾ ಘಟಕ, ಮಹಿಳೆಯರ ಆಪ್ತ ಸಮಾಲೋಚನಾ ಕೇಂದ್ರ, ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸಗಳಿವೆ. ಸಂಬಳ ಎಲ್ಲೆಡೆ ದೊಡ್ಡದಿರುವುದಿಲ್ಲ, ಹಲವು ಕೆಲಸಗಳು ಗುತ್ತಿಗೆಯವು. ಇದನ್ನು ಮೊದಲೇ ತಿಳಿದುಕೊಂಡು ಸೇರುವುದು ಒಳ್ಳೆಯದು. ಮಗಳು ಒಬ್ಬಳೇ ಹಳ್ಳಿಗಳಿಗೆ ಹೋಗಬೇಕಲ್ಲ ಎಂಬ ಆತಂಕವಿದ್ದರೆ ಅಧ್ಯಾಪಕರನ್ನೇ ಕಂಡು ಮಾತಾಡಿ, ಕ್ಷೇತ್ರಕಾರ್ಯಕ್ಕೆ ಯಾರು ಯಾರು ಜೊತೆಗೆ ಹೋಗುತ್ತಾರೆ ಎಂದು ವಿಚಾರಿಸಿ. ಕೇಳದೆ ಬೇಡವೆನ್ನಬೇಡಿ.

ಓದಲು ಹೋಗುವ ವಯಸ್ಸು ನಮ್ಮದಲ್ಲ ಎನ್ನುವ ಸಹೋದರಿಯರಿಗೂ ಒಂದು ಕೆಲಸವಿದೆ. ಬರುವ ರಮಝಾನ್‌ಗೆ ಎರಡು ತಿಂಗಳು ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಇಬ್ಬರು ಜೊತೆಯಾಗಿ ನಿಮ್ಮ ಓಣಿಯ ಮನೆಗಳಿಗೆ ಹೋಗಿ. ಏನನ್ನೂ ಕೊಡಬೇಡಿ, ಚಹಾ ಕೊಟ್ಟರೆ ಕುಡಿಯಿರಿ, ಕುಳಿತು ಕೇಳಿ. ಬಾಡಿಗೆ ಬಾಕಿಯಿದೆಯೇ, ಔಷಧಿ ನಿಂತಿದೆಯೇ, ಶಾಲೆ ಬಿಟ್ಟವರು ಯಾರು? ಬರೆದದ್ದನ್ನು ಬೇರೆ ಯಾರಿಗೂ ತೋರಿಸಬೇಡಿ. ಝಕಾತ್ ಹಂಚುವ ನಂಬಿಕಸ್ಥರಿಗೆ ಮಾತ್ರ ತಿಳಿಸಿ. ಆಗ ಪಕ್ಕದ ಮನೆಯ ಆ ಹೆಣ್ಣುಮಗಳಿಗೆ ಬಹುಶಃ ಅಕ್ಕಿಯ ಚೀಲಕ್ಕಿಂತ ಮಗಳ ಶಾಲಾ ಶುಲ್ಕ ಮುಖ್ಯವಾಗಿತ್ತು ಎಂದು ನಿಮಗೆ ತಿಳಿಯಬಹುದು.

ಆ ಹುಡುಗಿ ಮತ್ತೆ ಶಾಲೆಗೆ ಹೋದರೆ, ಮುಂದೊಂದು ದಿನ ಬಳ್ಳಾರಿಯ ವಿಶ್ವವಿದ್ಯಾಲಯದಲ್ಲಿ ಕುಳಿತು ಸಮಾಜಕಾರ್ಯ ಓದುವವಳು ಅವಳೇ ಏಕಾಗಬಾರದು? ಅಲ್ಲಾಹನು ನಮಗೆಲ್ಲರಿಗೂ ಕೇಳುವ ಕಿವಿಯನ್ನೂ ಅರಿಯುವ ಮನಸ್ಸನ್ನೂ ಕರುಣಿಸಲಿ.