ಹವಳದ ಜೀನ್ ಕಡತಕ್ಕೆ ಊರು ಯಾವುದು?

ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುವವರ ಮನೆಯವರಿಗೆ ಸೈಟರಾಬಿನ್ ಎಂಬ ಇಂಜೆಕ್ಷನ್ನಿನ ಹೆಸರು ಗೊತ್ತಿರುತ್ತದೆ. ಅದರ ಮೂಲ ಕಡಲಲ್ಲಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. 1950ರ ದಶಕದ ಆರಂಭದಲ್ಲಿ ವರ್ನರ್ ಬರ್ಗ್‌ಮನ್ ಎಂಬ ರಸಾಯನ ವಿಜ್ಞಾನಿ ಫ್ಲಾರಿಡಾ ಬಳಿಯ ಒಂದು ಕಡಲ ಸ್ಪಂಜಿನಲ್ಲಿ ವಿಚಿತ್ರವಾದ ಅಣುಗಳನ್ನು ಕಂಡರು. ನೋಡಲು ಡಿಎನ್‌ಎಯ ಇಟ್ಟಿಗೆಗಳಂತೆಯೇ ಇದ್ದರೂ ಅವುಗಳ ಸಕ್ಕರೆಯ ಭಾಗ ಬೇರೆಯಾಗಿತ್ತು. ಆ ಮಾದರಿಯ ಜಾಡು ಹಿಡಿದು ಪ್ರಯೋಗಾಲಯದಲ್ಲಿ ತಯಾರಾದ ಸೈಟರಾಬಿನ್‌ಗೆ 1969ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇಂದಿಗೂ ಅದಿಲ್ಲದೆ ತೀವ್ರ ರಕ್ತ ಕ್ಯಾನ್ಸರ್‌ನ ಚಿಕಿತ್ಸೆ ಕಷ್ಟ.

ಸ್ಪಂಜು, ಮೆದು ಹವಳಗಳಂಥ ಜೀವಿಗಳು ಓಡಲಾರವು, ಅವಕ್ಕೆ ಗಟ್ಟಿ ಚಿಪ್ಪೂ ಇಲ್ಲ. ಕೂತಲ್ಲೇ ಕೂತು ಬದುಕಬೇಕಾದ ಅವುಗಳ ಕಾವಲು ರಸಾಯನಗಳದ್ದು. ಮೀನು ಬಾಯಿ ಹಾಕಿದರೆ ಉಗುಳಬೇಕು, ಪಕ್ಕದವನು ಜಾಗ ಒತ್ತುವರಿ ಮಾಡಿದರೆ ಸುಡಬೇಕು. ಬೆಂಗಳೂರಿನ ಸೈಟು ಜಗಳಗಳಿಗಿಂತ ಹಳೆಯ ವ್ಯವಹಾರ ಇದು. ಈ ವಿಷಗಳಲ್ಲಿ ಕೆಲವು ನಮ್ಮ ಗಡ್ಡೆಯ ಕೋಶಗಳನ್ನೂ ತಡೆಯುತ್ತವೆ.

ತೊಂದರೆ ಇದ್ದದ್ದು ಪೂರೈಕೆಯಲ್ಲಿ. ಕೆರಿಬಿಯನ್ ಸಮುದ್ರದ ಕಾಂಡ್ಲಾ ಬೇರುಗಳಿಗೆ ಅಂಟಿ ಬದುಕುವ, ಪುಟ್ಟ ಚೀಲದಂಥ ಪ್ರಾಣಿಯೊಂದರಿಂದ ಟ್ರಾಬೆಕ್ಟೆಡಿನ್ ಎಂಬ ಕ್ಯಾನ್ಸರ್ ಔಷಧ ಬಂತು. ಒಂದು ಗ್ರಾಂ ಔಷಧಕ್ಕೆ ಸುಮಾರು ಒಂದು ಟನ್ ಪ್ರಾಣಿ ಬೇಕಿತ್ತು! ಕಡೆಗೆ ಬ್ಯಾಕ್ಟೀರಿಯಾವೊಂದು ತಯಾರಿಸುವ ಸಮೀಪದ ಅಣುವನ್ನು ತಿದ್ದಿ ಔಷಧ ಮಾಡುವ ದಾರಿ ಸಿಕ್ಕಿತು. ಜಪಾನಿನ ಸ್ಪಂಜಿನಲ್ಲಿ 1986ರಲ್ಲಿ ವರದಿಯಾದ ಹಾಲಿಕಾಂಡ್ರಿನ್ ಬಿ, ಎರಿಬುಲಿನ್ ಎಂಬ ಔಷಧವಾಗಿ ಸ್ತನ ಕ್ಯಾನ್ಸರ್ ರೋಗಿಗಳನ್ನು ತಲುಪಿದ್ದು 2010ರಲ್ಲಿ. ನಡುವಿನ ಇಪ್ಪತ್ತನಾಲ್ಕು ವರ್ಷಗಳಲ್ಲಿ ದೊಡ್ಡ ಪಾಲು ‘ಇಷ್ಟು ಅಣು ಎಲ್ಲಿಂದ ತರುವುದು’ ಎಂಬ ಪ್ರಶ್ನೆಗೇ ಹೋಯಿತು.

ಮೆದು ಹವಳದ ಎಲ್ಯುಥೆರೋಬಿನ್ ಅಷ್ಟು ಅದೃಷ್ಟ ಪಡೆದು ಬರಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಕಡಲಿನಿಂದ 1990ರ ದಶಕದಲ್ಲಿ ಸಿಕ್ಕ ಈ ಅಣು, ಕೋಶ ಇಬ್ಭಾಗವಾಗುವಾಗ ಎಳೆಯುವ ಒಳಗಿನ ದಾರಗಳನ್ನು ಬಿಗಿದುಬಿಡುತ್ತದೆ. ಹೆಸರಾಂತ ಪ್ಯಾಕ್ಲಿಟ್ಯಾಕ್ಸೆಲ್ ಮಾಡುವುದೂ ಇದನ್ನೇ. ಆದರೆ ಹವಳದಲ್ಲಿ ಸಿಗುವುದು ಚಿಟಿಕೆಯಷ್ಟು. ಹಾಗಾಗಿ ಅದು ಔಷಧವಾಗಲೇ ಇಲ್ಲ. ಅದನ್ನು ತಯಾರಿಸುವುದು ಹವಳವೋ ಅದರೊಳಗಿನ ಸೂಕ್ಷ್ಮಜೀವಿಯೋ ಎಂಬುದೂ ತಿಳಿದಿರಲಿಲ್ಲ. 2022ರಲ್ಲಿ ಅಮೆರಿಕದ ಎರಡು ತಂಡಗಳು, ಯೂಟಾ ವಿಶ್ವವಿದ್ಯಾಲಯ ಮತ್ತು ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ಸಂಸ್ಥೆಯವರು, ಉತ್ತರ ಕೊಟ್ಟವು. ಈ ಬಗೆಯ ಅಣುಗಳನ್ನು ಕಟ್ಟುವ ಜೀನ್‌ಗಳು ಹವಳದ ಸ್ವಂತ ಡಿಎನ್‌ಎಯಲ್ಲೇ ಇದ್ದವು. ಅವನ್ನು ಸೂಕ್ಷ್ಮಜೀವಿಗಳೊಳಗೆ ಸೇರಿಸಿ ಮೊದಲ ಹಂತದ ಅಣುಗಳನ್ನು ತಯಾರಿಸಿಯೂ ತೋರಿಸಿದರು. ಪೂರ್ತಿ ಔಷಧಕ್ಕೆ ಇನ್ನೂ ಹಲವು ಹಂತಗಳಿವೆ, ನಿಜ. ಆದರೆ ಹವಳವನ್ನು ಕೊಯ್ಯದೆ ಔಷಧ ಮಾಡುವ ದಾರಿ ಕಾಣತೊಡಗಿದೆ.

ನಾನು ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಬರೆಯುವವನು. ಔಷಧ ವಿಜ್ಞಾನ ನನ್ನ ಕ್ಷೇತ್ರವಲ್ಲ. ಆದರೆ ಇಲ್ಲಿಂದ ಮುಂದಿನದು ನನ್ನ ದಿನನಿತ್ಯದ ಕೆಲಸಕ್ಕೆ ಹತ್ತಿರದ ವಿಷಯ. ಜೀನ್ ಎಂದರೆ ಕಂಪ್ಯೂಟರಿನಲ್ಲಿ ನಾಲ್ಕೇ ಅಕ್ಷರಗಳ ಒಂದು ಪಠ್ಯ ಕಡತ. ಅಮೆರಿಕ, ಯುರೋಪ್, ಜಪಾನಿನ ಮುಕ್ತ ದತ್ತಾಂಶ ಕೋಶಗಳಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕಡಲಿಗೆ ಇಳಿಯಬೇಕಿಲ್ಲ, ಹವಳ ಇರುವ ದೇಶದ ಅನುಮತಿ ಕೇಳಬೇಕಿಲ್ಲ. ನಮ್ಮ 2002ರ ಜೀವವೈವಿಧ್ಯ ಕಾಯ್ದೆ ಬರೆಯುವಾಗ ಕಣ್ಣಮುಂದೆ ಇದ್ದದ್ದು ಬೇರು, ಬೀಜ, ತೊಗಟೆ. ಲಗೇಜಿನಲ್ಲಿ ಸಾಗಿಸಬಹುದಾದ ವಸ್ತುಗಳು. ಡೌನ್‌ಲೋಡ್‌ಗೆ ಕಸ್ಟಮ್ಸ್ ಗೇಟು ಎಲ್ಲಿದೆ?

ಜಗತ್ತು ಇದನ್ನು ಗಮನಿಸಿಲ್ಲವೆಂದಲ್ಲ. 2025ರ ಫೆಬ್ರುವರಿಯಲ್ಲಿ ರೋಮ್‌ನಲ್ಲಿ ‘ಕಾಲಿ ನಿಧಿ’ ಆರಂಭವಾಯಿತು. ಇಂಥ ದತ್ತಾಂಶದಿಂದ ಲಾಭ ಪಡೆಯುವ ದೊಡ್ಡ ಕಂಪನಿಗಳು ಲಾಭದ ಶೇ 1 ಅಥವಾ ವರಮಾನದ ಶೇ 0.1 ಕೊಡಬೇಕೆಂಬುದು ಸೂಚನೆ. ಸೂಚನೆ ಮಾತ್ರ, ಕಡ್ಡಾಯವಲ್ಲ. ಅದೇ ಏಪ್ರಿಲ್‌ನಲ್ಲಿ ನಮ್ಮ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಹೊರಡಿಸಿದ ನಿಯಮಾವಳಿಯೂ ಡಿಜಿಟಲ್ ಜೀನ್ ಮಾಹಿತಿಯನ್ನು ಲಾಭ ಹಂಚಿಕೆಯ ವ್ಯಾಪ್ತಿಗೆ ತಂದಿದೆ. ಒಳ್ಳೆಯದೇ. ಆದರೆ ಪಾಲು ಕೇಳಲು ಮೊದಲು ‘ಇದು ನಮ್ಮ ಕಡಲಿನದು’ ಎಂದು ತೋರಿಸಬೇಕು. ಹಳೆಯ ದಾಖಲೆಗಳಲ್ಲಿ ಎಷ್ಟೋ ಕಡೆ ಮೂಲದೇಶದ ಅಂಕಣವೇ ಖಾಲಿ.

ಹಾಗೆಂದು ಬೀಗ ಹಾಕಿ ಕೂರಬೇಕು ಎನ್ನುವವರ ಜೊತೆ ನಾನಿಲ್ಲ. 2020ರ ಜನವರಿಯಲ್ಲಿ ಕೊರೊನಾ ವೈರಸ್ಸಿನ ಜೀನ್ ಕಡತ ಮುಕ್ತವಾಗಿ ಸಿಕ್ಕಿದ್ದರಿಂದಲೇ ಲಸಿಕೆಯ ಕೆಲಸ ಕೆಲವೇ ದಿನಗಳಲ್ಲಿ ಶುರುವಾಯಿತು. ಸಾಫ್ಟ್‌ವೇರ್‌ನವರಿಗೆ ಇದು ಗೊತ್ತಿರುವ ಪಾಠ. ಲಿನಕ್ಸ್ ಎಲ್ಲರಿಗೂ ಮುಕ್ತ, ಆದರೆ ಅದರ ಜೊತೆಗೇ ಒಂದು ಲೈಸೆನ್ಸ್ ಬರುತ್ತದೆ, ಬಳಸಿದವನ ಮೇಲೆ ಹೊಣೆಯೂ ಬರುತ್ತದೆ. ಜೀನ್ ಕಡತಕ್ಕೂ ಅಂಥದ್ದೇ ಷರತ್ತು ಅಂಟಿಕೊಂಡು ಬರಲಿ. ನಾಳೆ ಹೈದರಾಬಾದಿನ ಔಷಧ ಕಂಪನಿ ಬಹಾಮಾಸ್‌ನ ಹವಳದ ಜೀನ್ ಬಳಸಿದರೆ ಅದೂ ಪಾಲು ಕೊಡಲಿ.

ನಮ್ಮಲ್ಲಿ ಕೆಲಸ ಆಗಿಲ್ಲವೇ? ಆಗಿದೆ. ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯ, ಇಲ್ಲಿನ ಐಐಸಿಟಿ, ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ದಶಕಗಳಿಂದ ನಮ್ಮ ಕಡಲ ಜೀವಿಗಳ ಅಣುಗಳನ್ನು ಬಿಡಿಸಿ ಬರೆದಿದ್ದಾರೆ. ಆದರೆ ಅಣು ಬರೆದಿಟ್ಟರೆ ಈಗ ಸಾಲದು, ಅದನ್ನು ಕಟ್ಟುವ ಜೀನನ್ನೂ ಓದಬೇಕು. ಸಮಯವೂ ಕಡಿಮೆ. 2024ರಲ್ಲಿ ಕಡಲು ಬಿಸಿಯೇರಿ ಲಕ್ಷದ್ವೀಪದ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡಿದ್ದನ್ನು ಸಿಎಂಎಫ್‌ಆರ್‌ಐ ವರದಿ ಮಾಡಿತ್ತು. ಸತ್ತು ಕರಗಿದ ಹವಳದ ಜೀನನ್ನು ಆಮೇಲೆ ಓದಲಾಗದು.

ಲಕ್ಷದ್ವೀಪ, ಮನ್ನಾರ್ ಕೊಲ್ಲಿ, ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ: ಇಲ್ಲಿನ ಮೆದು ಹವಳ, ಸ್ಪಂಜುಗಳ ಜೀನ್ ಓದಲು ಪ್ರತ್ಯೇಕ ಅನುದಾನ ಬೇಕು. ಉಗುರಿನಷ್ಟು ತುಣುಕು ಸಾಕು, ಅದಕ್ಕೆ ಹವಳ ಸಾಯುವುದಿಲ್ಲ. ಕಡತಗಳು ಮೊದಲು ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರಕ್ಕೆ ಹೋಗಲಿ, ಅಕ್ಷಾಂಶ ರೇಖಾಂಶ ಸಮೇತ. ಭಟ್ಕಳ, ಹೊನ್ನಾವರದ ಪಂಚಾಯಿತಿಗಳ ಜೀವವೈವಿಧ್ಯ ದಾಖಲಾತಿಯಲ್ಲಿ ಕಾಡು, ಕೆರೆ, ಹೊಲಗಳ ಜೊತೆ ಕಡಲ ಬಂಡೆಯ ಹವಳಕ್ಕೂ ಒಂದು ಸಾಲಿರಲಿ. ಎಂದಾದರೊಂದು ದಿನ ಔಷಧದ ಹಣ ಬಂದರೆ, ಅದು ಯಾವ ಊರಿಗೆ ಸೇರಬೇಕೆಂದು ಆ ಸಾಲೇ ಹೇಳಬೇಕಾಗುತ್ತದೆ.