ಬ್ಯಾಕ್ ಬಿದ್ದ ಹುಡುಗನಿಗೆ ಮನೆಯಿಂದ ಒಂದು ಫೋನು

"ಟೆನ್ಷನ್ ಮಾಡ್ಕೋಬ್ಯಾಡ, ಛಲೋತ್ನಾಗಿ ಓದು." ನಮ್ಮ ಕಡೆ ಕಾಲೇಜು ಹುಡುಗರಿಗೆ ಹೇಳೋ ಸಮಾಧಾನ ಇಷ್ಟೇ. ಮೊದಲರ್ಧ ಕೇಳಿ ಹಗುರಾಗಬೇಕು ಅನ್ನೋಷ್ಟರಲ್ಲಿ ಉಳಿದರ್ಧ ಕೇಳಿ ಮತ್ತೆ ಟೆನ್ಷನ್ ಶುರು!

ಬೀಳಗಿಯಿಂದ ಬಾಗಲಕೋಟೆಗೋ ಬೆಂಗಳೂರಿಗೋ ಎಂಜಿನಿಯರಿಂಗ್ ಓದಲು ಹೋಗುವವನ ಹೆಗಲ ಮೇಲೆ ಬ್ಯಾಗ್ ಒಂದೇ ಇರೋದಿಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಈ ತಾಲ್ಲೂಕಿನ ಎಷ್ಟೋ ಹಳ್ಳಿಗಳು ಮುಳುಗಡೆಯಾದವು. ಹೊಲ ಕಳಕೊಂಡ ಮನೆಯಲ್ಲಿ 'ಇನ್ನ ನಮಗ ನೀನ ಹೊಲ' ಅನ್ನೋದನ್ನ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಹುಡುಗನಿಗೆ ಗೊತ್ತಾಗುತ್ತೆ. ಹೊಲ ಉಳಿದವರ ಮನೆಯಲ್ಲಿ ಕಬ್ಬಿನ ಬಿಲ್ಲು ಬಂದ ಮೇಲೇನೇ ಫೀ. ಜೊತೆಗೆ, ಹತ್ತನೇತ್ತ ತನಕ ಕನ್ನಡದಲ್ಲೇ ಓದಿದ್ದರೆ ಪಾಠಕ್ಕಿಂತ ಮೊದಲು ಇಂಗ್ಲಿಷ್ ಅರ್ಥವಾಗಬೇಕು. ಇಂಥವನಿಗೆ ಎರಡು ಬ್ಯಾಕ್ ಬಿದ್ದರೆ, ಅಪ್ಪ ಕಟ್ಟಿದ ಫೀ ನೀರಿಗೆ ಹಾಕಿದೆ ಅನ್ನೋ ಸಂಕಟ. 'ಧ್ಯಾನ ಮಾಡು, ಟೈಮ್‌ಟೇಬಲ್ ಹಾಕ್ಕೋ' ಅನ್ನೋದು ತಪ್ಪಲ್ಲ, ಆದರೆ ಸಾಲಲ್ಲ.

2022ರಲ್ಲಿ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಅನ್ನುತ್ತೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ತರಬೇತಿ ಪಡೆದ ಆಪ್ತಸಮಾಲೋಚಕರು ಇರಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿತು. ಒಳ್ಳೇದೇ. ಆದರೆ ಆ ಕೋಣೆಯಲ್ಲೂ ಇಂಗ್ಲಿಷೇ ಮಾತಾಡಬೇಕು ಅಂದ್ರೆ ನಮ್ಮ ಹುಡುಗ ಬಾಗಿಲ ತನಕವೂ ಹೋಗಲ್ಲ. ಅಲ್ಲಿ ಕನ್ನಡ ಬರುವವರೇ ಬೇಕು ಅನ್ನೋದು ನನ್ನ ವಾದ.

ಅಲ್ಲಿಯ ತನಕ ಮನೆಯವರು ಮಾಡಬಹುದಾದ್ದು ಇದೆ. ಫೋನ್ ಮಾಡಿದಾಗ 'ರಿಜಲ್ಟ್ ಏನಾತು?' ಅನ್ನೋ ಬದಲು 'ಉಂಡೇನಪಾ? ನಿದ್ದಿ ಬರ್ತೈತಿಲ್ಲೊ?' ಅಂತ ಕೇಳಿ. ಸಾಲದ ಲೆಕ್ಕ ಮುಚ್ಚಿಡಬೇಡಿ, ಅವನು ಊಹಿಸಿಕೊಳ್ಳೋದು ಅದಕ್ಕಿಂತ ದೊಡ್ಡದಿರುತ್ತೆ. 'ಬ್ಯಾಕ್ ಬಿದ್ರ ಮತ್ತ ಬರಿ' ಅನ್ನೋದನ್ನ ರಿಜಲ್ಟಿಗೆ ಮುಂಚೆಯೇ ಹೇಳಿಬಿಡಿ.

ಸಾಫ್ಟ್‌ವೇರ್‌ನಲ್ಲಿರೋ ನಾವೂ ಒಂದು ಮಾತು ಹೇಳಬಹುದು: ಎಷ್ಟೋ ಕಂಪನಿಗಳು, ಕೆಲಸಕ್ಕೆ ಸೇರುವ ಹೊತ್ತಿಗೆ ಬ್ಯಾಕ್ ಬಾಕಿ ಇರಬಾರದು ಅಂತಷ್ಟೇ ಕೇಳುತ್ತವೆ. ಇದು ನಮಗೆ ಗೊತ್ತು, ಮೊದಲ ಸೆಮಿಸ್ಟರ್ ಹುಡುಗನಿಗೆ ಯಾರು ಹೇಳ್ತಾರೆ?

ಊಟ ಬಿಟ್ಟ, ಫೋನ್ ಎತ್ತುತ್ತಿಲ್ಲ, 'ನಾ ಇಲ್ಲದಿದ್ರನ ಛಲೋ' ಅಂತಾನೆ ಅಂದ್ರೆ ಮಾತ್ರ ಬುದ್ಧಿವಾದ ಬೇಡ. ಯಾರಾದರೂ ಹೋಗಿ ಜೊತೆಗಿರಿ. 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್. ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ.

ನಿಮ್ಮೂರಿನ ಹುಡುಗನೋ ಹುಡುಗಿಯೋ ಈ ಸಲ ಪರೀಕ್ಷೆ ಬರೀತಿದ್ದರೆ ಇವತ್ತೇ ಒಂದು ಫೋನ್ ಮಾಡಿ. ಮಾರ್ಕ್ಸ್ ಮಾತ್ರ ಕೇಳಬೇಡಿ. ಏನಂತೀರಿ?