ಓಲಾಡುವ ಮುಳ್ಳಿನ ಸಾಕ್ಷ್ಯ

ಬೇಸಗೆಯ ನಡುಹಗಲಿನಲ್ಲಿ ರಾಯಚೂರಿನಿಂದ ದೇವದುರ್ಗಕ್ಕೋ ಮಾನ್ವಿಗೋ ಕಾರಿನಲ್ಲಿ ಹೊರಟವರು ಎಂಜಿನಿನ ಉಷ್ಣಮಾಪಕದ ಕಡೆಗೆ ಆಗಾಗ ಕಣ್ಣು ಹಾಯಿಸುವುದು ಸಹಜ. ಹೊರಗಿನ ಗಾಳಿಯೇ 40 ಡಿಗ್ರಿ ಸೆಲ್ಸಿಯಸ್ ಮೀರುವ ಸೀಮೆಯಿದು. ಮಾಪಕದ ಮುಳ್ಳು ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿದು ಓಲಾಡತೊಡಗಿದರೆ ಚಾಲಕನ ಮನಸ್ಸೂ ಅದರೊಡನೆ ಓಲಾಡುವುದು. ಆಗ ದೊರೆಯುವ ಸಲಹೆಗಳು ಸಾಮಾನ್ಯವಾಗಿ ಎರಡು. ಮಾಪಕ ಕೆಟ್ಟಿದೆ, ಅದನ್ನು ನೋಡಲೇಬೇಡಿ ಎಂಬುದೊಂದು. ನಮ್ಮ ಬಿಸಿಲಿಗೆ ಥರ್ಮೋಸ್ಟಾಟು ಏತಕ್ಕೆ, ಕಿತ್ತುಹಾಕಿ ಎಂಬುದು ಇನ್ನೊಂದು. ಇವೆರಡೂ ಸಾಕ್ಷಿಯನ್ನು ವಿಚಾರಿಸದೆ ಕೊಟ್ಟ ತೀರ್ಪುಗಳೆಂದು ನಾವು ಭಾವಿಸುತ್ತೇವೆ.

ಸುಟ್ಟ ಇಂಧನದ ಉಷ್ಣವೆಲ್ಲವೂ ಚಕ್ರವನ್ನು ತಿರುಗಿಸಲಾರದು. ಅದರ ಬಹುಭಾಗವನ್ನು ಹೊರದೂಡಲೇಬೇಕು. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರವು ಕೃಷ್ಣೆಯ ನೀರನ್ನು ಆಶ್ರಯಿಸಿರುವುದೂ ಇದೇ ನಿಯಮಕ್ಕೆ ಒಳಪಟ್ಟು. ಕಾರಿನಲ್ಲಿ ಈ ಉಷ್ಣವನ್ನು ನೀರು ಹೊತ್ತು ರೇಡಿಯೇಟರಿಗೆ ಒಯ್ಯುತ್ತದೆ. ನಡುವೆ ಥರ್ಮೋಸ್ಟಾಟೆಂಬ ಬಾಗಿಲಿದೆ. ಅದರೊಳಗಿನ ಮೇಣವು ಸುಮಾರು 80ರಿಂದ 90 ಡಿಗ್ರಿಗಳಲ್ಲಿ ಕರಗಿ ಹಿಗ್ಗಿ ಬಾಗಿಲನ್ನು ತೆರೆಯುತ್ತದೆ. ನೀರಿನ ಉಷ್ಣತೆಯನ್ನು ಅರಿಯುವುದು ಥರ್ಮಿಸ್ಟರು. ಕಾವು ಹೆಚ್ಚಿದಂತೆ ಇದರ ವಿದ್ಯುತ್ ರೋಧ ಕಡಮೆಯಾಗುತ್ತದೆ. ಈ ಬಗೆಯ ವರ್ತನೆಯನ್ನು ಬೆಳ್ಳಿಯ ಸಲ್ಫೈಡಿನಲ್ಲಿ ಫ್ಯಾರಡೆ 1833ರಲ್ಲಿಯೇ ಕಂಡಿದ್ದನು.

ಮುಳ್ಳು ಓಲಾಡುವ ರೀತಿಯಲ್ಲಿಯೇ ರೋಗದ ಸುಳಿವಿದೆ. ರಾಯಚೂರಿನ ಪೇಟೆಯ ಸಂದಣಿಯಲ್ಲಿ ನಿಂತಾಗ ಏರಿ, ಮಾನ್ವಿಯ ರಸ್ತೆಯಲ್ಲಿ ಓಡಿದೊಡನೆ ಇಳಿಯುವುದಾದರೆ ಫ್ಯಾನನ್ನು ಮೊದಲು ಶಂಕಿಸಬೇಕು. ಓಟದ ಗಾಳಿ ಫ್ಯಾನಿನ ಕೆಲಸವನ್ನು ಮಾಡಿಕೊಡುತ್ತಿದೆ. ವೇಗವಾಗಿ ಓಡುವಾಗ ಏರಿ, ನಿಧಾನವಾದಾಗ ಇಳಿದರೆ ರೇಡಿಯೇಟರು ಕಟ್ಟಿಕೊಂಡಿರಬಹುದು, ಇಲ್ಲವೆ ಪಂಪು ಸೋತಿರಬಹುದು. ಬಯಲು ರಸ್ತೆಯಲ್ಲಿ ಮುಳ್ಳು ಮಾಮೂಲು ಮಟ್ಟಕ್ಕೆ ಏರದೆಯೇ ಉಳಿದರೆ ಥರ್ಮೋಸ್ಟಾಟಿನ ಬಾಗಿಲು ತೆರೆದೇ ನಿಂತಿದೆಯೆಂದು ಊಹಿಸಬಹುದು.

ಮುಳ್ಳು ಕ್ಷಣಾರ್ಧದಲ್ಲಿ ನೆಗೆದರೆ? ಇಲ್ಲಿ ತುಸು ಲೆಕ್ಕ ಮಾಡೋಣ. 5 ಕಿಲೋಗ್ರಾಂ ನೀರು 20 ಡಿಗ್ರಿಗಳಷ್ಟು ತಣಿಯಬೇಕಾದರೆ ಸುಮಾರು 420 ಕಿಲೋಜೂಲು ಉಷ್ಣ ಹೊರಹೋಗಬೇಕು; ಲೋಹದ ಉಷ್ಣ ಬೇರೆ. ಇದು ಒಂದು ಸೆಕೆಂಡಿನಲ್ಲಿ ಆಗುವ ಮಾತಲ್ಲ. ಆದುದರಿಂದ ನೆಗೆದುದು ಎಂಜಿನಿನ ಉಷ್ಣತೆಯಲ್ಲ, ಸುದ್ದಿ ಮಾತ್ರ. ದೀಪ ಹೊತ್ತಿಸಿದಾಗಲೆಲ್ಲ ಮುಳ್ಳು ಹಾರಿದರೆ ಸಡಿಲವಾದ ಭೂಸಂಪರ್ಕದ ತಂತಿಯನ್ನು ಹುಡುಕಬೇಕು. ಹಾಗಲ್ಲದಿದ್ದರೆ ನೀರು ಇಳಿದು ಗಾಳಿಗುಳ್ಳೆಗಳು ಥರ್ಮಿಸ್ಟರನ್ನು ಹಾದುಹೋಗುತ್ತಿರಬಹುದು. ಇದು ಅಪಾಯದ ಸ್ಥಿತಿ. ನೀರು ಬತ್ತಿ ಥರ್ಮಿಸ್ಟರಿನ ಸುತ್ತ ಬರಿಯ ಗಾಳಿ ಉಳಿದಾಗ ಮುಳ್ಳು ಕೆಳಗಿಳಿದು, ಎಂಜಿನು ಬೇಯುತ್ತಿರುವಾಗಲೇ ತಂಪಾಗಿದೆಯೆಂದು ಸಾರಬಹುದು. ಮಾಪಕವನ್ನು ನೋಡಬೇಡಿ ಎಂಬ ಸಲಹೆಯ ಬೆಲೆ ಆಗ ತಿಳಿಯುವುದು.

ಥರ್ಮೋಸ್ಟಾಟನ್ನು ಕಿತ್ತರೆ ಎಂಜಿನು ತಂಪಾಗುವುದೆಂಬ ನಂಬಿಕೆಯೂ ನಿಲ್ಲದು. ಅನೇಕ ಎಂಜಿನುಗಳಲ್ಲಿ ಅದು ರೇಡಿಯೇಟರಿನ ದಾರಿಯನ್ನು ತೆರೆಯುವಾಗ ಅಡ್ಡದಾರಿಯೊಂದನ್ನು ಮುಚ್ಚುತ್ತದೆ. ಅದಿಲ್ಲದಿದ್ದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆಯೇ ಮರಳಿ ಎಂಜಿನನ್ನು ಸೇರುವುದು. ಬೇಸಗೆಯಲ್ಲಿ ಕಾವು ಹೆಚ್ಚುವುದು. ಚಳಿಗಾಲದ ಮುಂಜಾನೆ ಎಂಜಿನು ಬೆಚ್ಚಗಾಗಲು ತಡವಾಗಿ ಇಂಧನವೂ ವ್ಯರ್ಥ, ಸವೆತವೂ ಅಧಿಕ. ಇದಕ್ಕೆ ಕೊಳವೆಬಾವಿಯ ಗಡಸು ನೀರು ಸೇರಿದರೆ, ಅದರ ಲವಣಗಳು ಒಳಗೋಡೆಗೆ ಹರಳುಗಟ್ಟಿ ಉಷ್ಣದ ದಾರಿಯನ್ನೇ ಮುಚ್ಚುತ್ತವೆ. ಲವಣರಹಿತ ನೀರಿಗೆ ತಕ್ಕ ಕೂಲಂಟನ್ನು ಬೆರೆಸಿ ತುಂಬುವುದೇ ಯುಕ್ತ.

ಬಡ ಚಾಲಕನಿಗೆ ಇಷ್ಟೆಲ್ಲ ಪರೀಕ್ಷೆಗೆ ವ್ಯವಧಾನವೆಲ್ಲಿ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಒಂದು ದಿನದ ಬಾಡಿಗೆ ತಪ್ಪಿದರೆ ಅವನ ಮನೆಗೆ ನಷ್ಟ. ಆದರೆ ಎಂಜಿನಿನ ತಲೆಯೇ ಕಾವಿಗೆ ಬಾಗಿದರೆ ತಿಂಗಳುಗಳ ಗಳಿಕೆ ಹೋಗುವುದು. ಕಾರಿನಲ್ಲಿ ದೇವದುರ್ಗದಿಂದ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಹೊರಟ ರೋಗಿಯಿದ್ದರೆ ನಷ್ಟವನ್ನು ಹಣದಿಂದ ಅಳೆಯಲಾಗದು. ಪರೀಕ್ಷೆಗೆ ಬೇಕಾದುದಾದರೂ ಏನು? ತಣ್ಣಗಿನ ಎಂಜಿನಿನಲ್ಲಿ ನೀರಿನ ಮಟ್ಟವನ್ನು ನೋಡಲು ಎರಡು ನಿಮಿಷ ಸಾಕು. ಬಿಸಿ ಎಂಜಿನಿನ ಮುಚ್ಚಳವನ್ನು ಮಾತ್ರ ಎಂದಿಗೂ ತೆರೆಯಬಾರದು. ಒತ್ತಡ ತಗ್ಗಿದೊಡನೆ 100 ಡಿಗ್ರಿ ಮೀರಿದ ನೀರು ಉಗಿಯಾಗಿ ಚಿಮ್ಮಿ ಮುಖವನ್ನು ಬೇಯಿಸುವುದು. ಥರ್ಮೋಸ್ಟಾಟನ್ನು ಪರೀಕ್ಷಿಸಲು ಒಂದು ಪಾತ್ರೆ, ಒಲೆ, ಉಷ್ಣಮಾಪಕ ಇವಿಷ್ಟೇ ಸಾಕು. ನೀರಿನಲ್ಲಿ ಅದನ್ನು ದಾರದಿಂದ ತೂಗುಬಿಟ್ಟು, ಯಾವ ಉಷ್ಣತೆಯಲ್ಲಿ ತೆರೆಯುವುದೆಂದು ನೋಡಿದರಾಯಿತು.

ಇದು ನಮ್ಮ ಪ್ರೌಢಶಾಲೆ, ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ನಡೆಯಬೇಕಾದ ಪ್ರಯೋಗವೆಂಬುದು ನಮ್ಮ ಅಭಿಪ್ರಾಯ. ಗ್ಯಾರೇಜಿನ ಮೇಸ್ತ್ರಿಯ ಅನುಭವವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಎಷ್ಟೋ ಸಲ ಅವನ ಕಿವಿಯೇ ರೋಗವನ್ನು ಹಿಡಿಯುವುದು. ಆದರೆ ಒಂದೊಂದು ಕಾರಣವನ್ನು ಪರೀಕ್ಷಿಸಿ ತಳ್ಳಿಹಾಕುತ್ತ ಉಳಿದುದನ್ನು ಹಿಡಿಯುವ ಕ್ರಮ ಆ ಅನುಭವಕ್ಕೆ ಜೊತೆಯಾಗಬೇಕು. ಉಷ್ಣ, ರೋಧ, ಒತ್ತಡಗಳನ್ನು ಪರೀಕ್ಷೆಗಾಗಿ ಕಲಿತ ವಿದ್ಯಾರ್ಥಿಯು ಮನೆಯ ಕಾರಿನ ಮುಳ್ಳು ಓಲಾಡಿದಾಗ ಸುಮ್ಮನಿದ್ದರೆ, ಆ ಕಲಿಕೆ ಪುಸ್ತಕದಲ್ಲಿಯೇ ಉಳಿದಂತಾಯಿತು. ಮುಂದೆ ಮುಳ್ಳು ಓಲಾಡಿದಾಗ ಅದನ್ನು ಬೈಯುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿರಿ: ಯಾವಾಗ ಏರಿತು? ಎಷ್ಟು ಬೇಗ ಏರಿತು? ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವುದು ಆಮೇಲಿನ ಕೆಲಸ.